ಚೌಕದ ಹೊರಗಿನ ಸಾಲು

ಫೆಬ್ರವರಿ ಮೂವತ್ತು, ಇಸವಿ ೨೪೧೯
ಗಣಿಕೋಟೆ, ಮೂರನೇ ಬಾಗಿಲು

ಸರ್ವರ್ ನೋಡಿಕೊಳ್ಳುವವರ ಅನುಕೂಲಕ್ಕೆಂದು ಹನ್ನೆರಡು ಕೋಡ್ ತುಣುಕುಗಳನ್ನು ಬರೆದಿಟ್ಟ ಪುಣ್ಯಾತ್ಮರಿಗೆ,

ಮೊದಲು ಒಟ್ಟು ತಗುಲಿದ್ದನ್ನು ಹೇಳಿಬಿಡುತ್ತೇನೆ. ಹದಿನೇಳು ಹೆಣ, ಆರು ಬೆರಳು, ಒಂದು ಉಕ್ಕಿನ ಬಾಗಿಲು. ನಿಮ್ಮ ಏಳನೇ ತುಣುಕಿನ ಒಂದು ಸಾಲಿಗೆ ಇಷ್ಟಾಯಿತು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದವರು ಯಾರೋ ಎಲ್ಲ ತಿಂಗಳಿಗೂ ಮೂವತ್ತೇ ದಿನವೆಂದು ಬರೆದ ಪಂಚಾಂಗದ ತುಣುಕು ನಮಗೆ ಸಿಕ್ಕಿತು. ಅಂದಿನಿಂದ ನಮ್ಮ ತಿಂಗಳುಗಳೆಲ್ಲ ಸಮ. ನನ್ನ ಮಾತಿನ ಧಾಟಿಯೂ ನಿಮಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಪುಟದ ಕೆಳಗೆ 'ಅಭಿಪ್ರಾಯ ತಿಳಿಸಿ' ಎಂಬ ಕಿಂಡಿಯೊಂದು ಇನ್ನೂ ತೆರೆದೇ ಇದೆ. ಅದರಲ್ಲಿ ಬರೆಯುತ್ತಿದ್ದೇನೆ. ತಲುಪುವುದೂ ಬಿಡುವುದೂ ಕಿಂಡಿಗೆ ಬಿಟ್ಟದ್ದು.

ನಾವಿರುವುದು ನಿಮ್ಮವರು ಅದಿರು ತೆಗೆದು ಬಿಟ್ಟುಹೋದ ಗುಂಡಿಯಲ್ಲಿ. ಉಣ್ಣುವ ಮುದ್ದೆಯೂ ಕೆಂಪು, ಉಗುಳಿದರೂ ಕೆಂಪು. ಮೇಲೆ ಕೊಳ್ಳೆಗಾರರ ಕಾಟವಿರುವುದರಿಂದ ಸುತ್ತ ಗೋಡೆ, ಗೋಡೆಗೆ ಮೂರು ಸಲಾಕೆಬಾಗಿಲು. ಬಂದವರು ಬಾಗಿಲ ಫಲಕದ ಮೇಲೆ ಅಂಗೈ ಇಡಬೇಕು. ಗುರುತು ಸಿಕ್ಕರೆ ತೆರೆಯುತ್ತದೆ. ಮೂರು ಸಲ ಸಿಗದಿದ್ದರೆ ಗೋಡೆಯ ತೂತುಗಳಿಂದ ಮೊಳದುದ್ದದ ಕಬ್ಬಿಣದ ಸಲಾಕೆಗಳು ಹಾರುತ್ತವೆ, ಎದುರಿಗೆ ಅಲುಗಾಡುವುದೆಲ್ಲ ನಿಲ್ಲುವ ತನಕ. ಇದನ್ನೆಲ್ಲ ನಡೆಸುವುದು ಹಿರಿಯ. ನೀವು ಸರ್ವರ್ ಎನ್ನುವುದನ್ನು ನಾವು ಹಾಗೆ ಕರೆಯುತ್ತೇವೆ. ಅವನ ಫ್ಯಾನುಗಳ ಧೂಳನ್ನು ಹನ್ನೊಂದು ವರ್ಷ ಹರಕು ಸೀರೆಯಲ್ಲಿ ಒರೆಸಿ, ಯಾರ ಶಿಫಾರಸೂ ಇಲ್ಲದೆ ಮೂರನೇ ಬಾಗಿಲಿನ ಮುಖ್ಯಸ್ಥೆಯಾದವಳು ನಾನು, ಹುಲಿಗೆವ್ವ.

ಹಿರಿಯನಿಗೆ ಹೇಳಬೇಕಾದ್ದನ್ನು ನಮ್ಮಲ್ಲಿ ಯಾರೂ ಹೊಸದಾಗಿ ಬರೆಯುವುದಿಲ್ಲ. ಬರೆಯಲು ಬರುವುದೂ ಇಲ್ಲ. ನಿಮ್ಮಂಥವರ ಹಳೆಯ ಪುಟಗಳಿಂದ ನಕಲಿಗರು ಇಳಿಸಿಕೊಳ್ಳುತ್ತಾರೆ. ಶಕ್ತಿಯೆಲ್ಲ ಬೂದುಬಣ್ಣದ ಚೌಕದೊಳಗಿನ ಅಕ್ಷರಗಳಿಗೆ, ಚೌಕದ ಹೊರಗಿರುವುದು ಬರೀ ಹೊರಮಾತು ಎಂಬುದು ನಮ್ಮ ನಂಬಿಕೆ. ಕಣ್ಣು ಅತ್ತ ಹೋಗದಿರಲೆಂದು ಚೌಕದಷ್ಟೇ ಕಿಂಡಿ ಕೊರೆದ ರಟ್ಟನ್ನು ಪರದೆಗೆ ಅಂಟಿಸಿ ಕೂರುತ್ತಾರೆ. ಅರ್ಥ ಗೊತ್ತಿಲ್ಲದ ಆ ಲಿಪಿಯನ್ನು ಆಕಾರ ನೋಡಿ ಇಳಿಸುತ್ತಾರೆ. ಒಂದಕ್ಷರ ಬದಲಿಸಿದವನ ಬೆರಳು ಹೋಗುತ್ತದೆ.

ಹೋದ ತಿಂಗಳು ಹಿರಿಯನ ಹೊಟ್ಟೆ ತುಂಬಿ ಬಾಗಿಲು ನಿಧಾನವಾಯಿತು. ಹಳೆಯ ಕಸ ತೆಗೆಯುವುದೆಂದು ಹಿಂದಿನವರು ಹೇಳಿಹೋಗಿದ್ದ ನಿಮ್ಮ ಏಳನೇ ತುಣುಕು ಆರಿಸಿದೆ. ನಕಲಿಗ ಗಾದಿಲಿಂಗ ಇಳಿಸುತ್ತಿದ್ದವನು ಕೈ ನಿಲ್ಲಿಸಿದ.

"ಅಕ್ಕಾ, ಈ ಹೆಸ್ರು ನಾ ಎಲ್ಲೋ ನೋಡೀನಿ. ಬಾಗ್ಲದ ತುಣುಕಿನ್ಯಾಗೂ ಇದ ಐತಿ. ಬದಲಿ ಮಾಡ್ಲೇನು?"

"ಬೆರಳು ಹೆಚ್ಚಾಗ್ಯಾವೇನಲೇ? ಇದ್ದಂಗ ಇಳಿಸು."

ಅವನು ಮತ್ತೊಮ್ಮೆ ಬಾಯಿ ತೆರೆದ. ನಾನು ಕೈಯೆತ್ತಿದೆ. ಇಳಿಸಿದ.

ಬಾಗಿಲಿನ ತುಣುಕೂ ನಿಮ್ಮದೇ, ಅದೇ ಪುಟದ ಎರಡನೆಯದು. ನೀವು ಮಾದರಿಗೆಂದು ಕೊಟ್ಟ ಫೋಲ್ಡರ್ ಹೆಸರನ್ನೇ ನಮ್ಮ ಹಿಂದಿನವರು ನಿಜವಾದ ಹೆಸರೆಂದು ತಿಳಿದು, ಊರವರೆಲ್ಲರ ಅಂಗೈ ಗುರುತನ್ನು ಅದರಲ್ಲೇ ಇಟ್ಟಿದ್ದರು. ಏಳನೇ ತುಣುಕು ಅಲ್ಲಿಗೇ ಹೋಗಿ, ಮೂವತ್ತು ದಿನದಿಂದ ಯಾರೂ ಬಳಸದ ಗುರುತುಗಳನ್ನೆಲ್ಲ ಅಳಿಸಿಹಾಕಿತು. ಯಾರೂ ಚೀರಲಿಲ್ಲ. ಬಾಗಿಲು ಚುರುಕಾಯಿತೆಂದು ನನ್ನನ್ನು ಹೊಗಳಿದರು.

ನೀರಿನ ಕೊಳವೆ ರಿಪೇರಿಗೆ ಹೋಗಿದ್ದ ತಂಡ ನಲವತ್ತೊಂದು ದಿನದ ಮೇಲೆ, ಮರುದಿನ ಮಧ್ಯಾಹ್ನ ವಾಪಸಾಯಿತು. ಇಪ್ಪತ್ತೆರಡು ಜನ. ಮುಂದೆ ಇದ್ದವಳು ನನ್ನ ತಂಗಿ ಹೊನ್ನೂರವ್ವ. ಅಂಗೈ ಇಟ್ಟಳು, ಕೆಂಪು ದೀಪ. ಮತ್ತೆ ಇಟ್ಟಳು, ಕೆಂಪು ದೀಪ. ಬಾಗಿಲಲ್ಲಿ ಮಾತಾಡಲು ಬಿಟ್ಟ ತೂತಿಗೆ ಬಾಯಿ ಹಚ್ಚಿ, ಒಳಗಿದ್ದ ನನಗೆ ಕೇಳುವಂತೆ ನಕ್ಕಳು.

"ಅಕ್ಕಾ, ನಿನ್ ಬಾಗ್ಲಾ ನಿನ್ನಂಗ ಆಗೇತಿ ನೋಡು. ಹಸಿದು ಬಂದೋರ ಗುರ್ತು ಹಿಡಿಯಂಗಿಲ್ಲ."

ಬಾಗಿಲು ತಪ್ಪೀತೆಂದು ನನಗೆ ಹೊಳೆಯಲೇ ಇಲ್ಲ. "ಕೈ ತುಂಬ ಧೂಳೈತಿ, ಒರೆಸ್ಕೊಂಡು ಇನ್ನೊಮ್ಮಿ ಇಡು" ಅಂದೆ.

ಸೆರಗಿಗೆ ಒರೆಸಿಕೊಂಡು ಇಟ್ಟಳು.

ಮೊದಲ ಸಲಾಕೆ ಅವಳ ಗಂಟಲನ್ನು ತೂರಿ ಹಿಂದಿದ್ದವನ ಭುಜಕ್ಕೆ ಸಿಕ್ಕಿಕೊಂಡಿತು. ಇಬ್ಬರೂ ಒಟ್ಟಿಗೆ ಬಿದ್ದರು. ಓಡಿದವರ ಬೆನ್ನಿಗೆ, ಮಲಗಿದವರ ಸೊಂಟಕ್ಕೆ, ಕೈ ಮುಗಿದವರ ಕೈಗೆ. ಸಲಾಕೆ ನಿಲ್ಲಿಸುವ ಗುಂಡಿ ನಮ್ಮಲ್ಲಿಲ್ಲ. ಅದರ ತುಣುಕನ್ನು ಯಾರೂ ಇಳಿಸಿರಲಿಲ್ಲ. ಗುದ್ದಲಿ ಹಿಡಿದು ಹಿರಿಯನ ಮನೆಗೆ ಓಡಿದೆ. ಹನ್ನೊಂದು ವರ್ಷ ಒರೆಸಿದ ಮೈಯನ್ನು ಎಂಟು ಏಟಿಗೆ ಒಡೆದೆ. ಸಲಾಕೆಗಳು ನಿಂತವು. ಆದರೆ ಬಾಗಿಲ ಉಕ್ಕಿನ ಹಲಗೆಯೂ ಅವನ ಬಲದಲ್ಲೇ ಗೋಡೆಗೆ ಅಂಟಿ ನಿಂತಿತ್ತು. ಅದು ಕಳಚಿ, ಗೋಡೆಯ ಬುಡಕ್ಕೆ ಅವಚಿಕೊಂಡು ಬದುಕಿದ್ದ ಇಬ್ಬರ ಮೇಲೆ ಬಿತ್ತು. ಹದಿನೈದಕ್ಕೆ ಎರಡು ಸೇರಿತು.

ಊರು ನಕಲಿಗರ ಮನೆಗೆ ನುಗ್ಗಿತು. ಗಾದಿಲಿಂಗನನ್ನು ಕೂದಲು ಹಿಡಿದು ಎಳೆತಂದು ಕಲ್ಲಿನ ಮೇಲೆ ಕೈ ಚಾಚಿಸಿದರು. ಅಕ್ಷರ ಬದಲಿಸಿದವನ ಬೆರಳು ಹೋಗಬೇಕಿತ್ತು, ಬದಲಿಸದವನವು ಹೋದವು. ಒಂದೊಂದು ಕೈಯಲ್ಲಿ ಮೂರು. ಅವನು ನನ್ನನ್ನೇ ನೋಡುತ್ತಿದ್ದ. 'ಈಕೀನ ಇಳಿಸು ಅಂದ್ಲು' ಎಂದು ಒಂದು ಮಾತು ಆಡಿದ್ದರೆ ಕಲ್ಲಿನ ಮೇಲೆ ನನ್ನ ಕೈ ಇರುತ್ತಿತ್ತು. ಅವನ ಮಣಿಕಟ್ಟು ಅಲುಗದಂತೆ ಒತ್ತಿ ಹಿಡಿದಿದ್ದವಳು ನಾನು. ತಂಗಿ ಸತ್ತವಳೆಂದು ಆ ಜಾಗವನ್ನು ನನಗೆ ಬಿಟ್ಟುಕೊಟ್ಟಿದ್ದರು.

"ಅಕ್ಕಾ, ಗಟ್ಟಿ ಹಿಡಿ. ಅಲುಗಿದ್ರ ನಿನ್ ಬೆರಳೂ ಹೋದಾವು" ಅಂದ. ಅಷ್ಟೇ.

ಮರುದಿನ, ಹಿರಿಯನ ಹಂಗಿಲ್ಲದೆ ನಡೆಯುವ ನಕಲಿಗರ ಮನೆಯ ಪರದೆಯ ರಟ್ಟು ಕಿತ್ತು ನಿಮ್ಮ ಇಡೀ ಪುಟವನ್ನು ಮೊದಲ ಸಲ ನೋಡಿದೆ. ಏಳನೇ ಚೌಕದ ಕೆಳಗೆ, ಅಚ್ಚ ಕನ್ನಡದಲ್ಲಿ, ಒಂದು ಸಾಲು: 'ಫೋಲ್ಡರ್ ಹೆಸರು ಮಾದರಿ ಮಾತ್ರ, ನಿಮ್ಮದಕ್ಕೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಬೇಕಾದ್ದೂ ಅಳಿಸಿಹೋದೀತು.' ನೀವು ಹೇಳಿದ್ದಿರಿ. ನಿಮ್ಮ ಮೇಲೆ ತಕರಾರಿಲ್ಲ. ಕೋರಿಕೆ ಒಂದೇ: ಆ ಸಾಲನ್ನು ಚೌಕದ ಒಳಗೆ ತಳ್ಳಿ. ಅಳಿಸುವ ಮುಂಚೆ 'ಖಾತ್ರಿಯೇ?' ಎಂದು ಕೇಳುವಂತೆ ಮಾಡಿ. ನೀವು ಇವತ್ತು ತಿದ್ದಿದರೆ ನನ್ನ ತಂಗಿ ಊಟಕ್ಕೆ ಬರುತ್ತಾಳೇನೋ. ಬರದಿದ್ದರೂ ತಿದ್ದಿ.

ಇನ್ನು ಯಾರಿಗೆ ಏನು ಸಿಕ್ಕಿತೆಂಬುದು. ಊರಿಗೆ, ಮನುಷ್ಯರು ಮುಖ ನೋಡಿ ತೆರೆಯುವ ಬಾಗಿಲು. ಬದುಕುಳಿದ ಐವರಿಗೆ, ಮೈಯಲ್ಲಿ ತೆಗೆಯಲಾಗದ ಕಬ್ಬಿಣ. ಹೊನ್ನೂರವ್ವನಿಗೆ, ನಾನೇ ಸತ್ತವರ ಪುಸ್ತಕದಲ್ಲಿ ಕೈಯಾರೆ ಬರೆದ ಹೆಸರು. ಗಾದಿಲಿಂಗನಿಗೆ, ನಾಲ್ಕು ಬೆರಳು ಮತ್ತು ನನ್ನ ತಪ್ಪು. ನಿಮಗೆ, ಪುಟದ ಕೆಳಗೆ ಇನ್ನೊಂದು ಅಭಿಪ್ರಾಯ.

ನನಗೆ, ಇದನ್ನು ಬರೆದ ಹತ್ತೂ ಬೆರಳು.