ಮೇಷ್ಟ್ರನ್ನು ಮನುಷ್ಯರೆಂದು ಒಪ್ಪಿಸಿದ ಸೊಸೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಮಗನಿಗೆ,

ಹೇಗಿದ್ದೀಯಪ್ಪ? ಇಂಜಿನ್ ರೂಮಿನ ಶಾಖಕ್ಕೆ ಕೈ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಗಟ್ಟಿಯಾಗಿದ್ದೇನೆ. ಮೆಟ್ಟಿಲು ಕಂಡರೆ ಮಂಡಿ ಮುನಿಸಿಕೊಳ್ಳುತ್ತದೆ, ಹೊಲಿಗೆ ಯಂತ್ರ ತುಳಿಯುವುದಕ್ಕೆ ಮಾತ್ರ ಅದರದ್ದೇನೂ ತಕರಾರಿಲ್ಲ. ಹಡಗಿನಿಂದ ನೀನು ಫೋನ್ ಮಾಡಿದರೆ "ಕೇಳಿಸ್ತಾ ಇದೆಯಾ" ಅನ್ನುವುದರಲ್ಲೇ ಹೊತ್ತು ಮುಗಿಯುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಮುಂದಿನ ಬಂದರಿನಲ್ಲಿ ನಿನ್ನ ಕೈ ಸೇರಲಿ. ಸುದ್ದಿ ನಿನ್ನ ಹೆಂಡತಿಯದು. ಅವಳಾಗಿ ಹೇಳಿಕೊಳ್ಳುವವಳಲ್ಲ.

ಅವಳು ನೋಡಿಕೊಳ್ಳುವ ವೆಬ್‌ಸೈಟ್ ನಿನಗೆ ಗೊತ್ತಲ್ಲ, ಕಾಯಿಲೆ ಬಿದ್ದವರ ಮನೆಗೆ ಮಂಚ, ಗಾಲಿಕುರ್ಚಿ, ವಾಕರ್ ಎರವಲು ಕೊಡುವ ಸಂಘದ್ದು. ನನ್ನ ಹೊಲಿಗೆ ಯಂತ್ರದ ಪಕ್ಕದ ಮೇಜೇ ಅವಳ ಕಚೇರಿ. ನನ್ನ ದಾರದ ತುಂಡುಗಳು ಅವಳ ಲ್ಯಾಪ್‌ಟಾಪಿನ ಮೇಲೆ, ಅವಳ ಚಾರ್ಜರ್ ನನ್ನ ಕಾಲಡಿ. ಆ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿದ ಮೇಲೆ 'ನಾನು ರೋಬೋಟ್ ಅಲ್ಲ' ಅಂತ ಒತ್ತಬೇಕು, ಆಮೇಲೆ ಬಸ್ಸಿರುವ ಚಿತ್ರ ಆರಿಸು ಅಂತ ಅದು ಪೀಡಿಸುತ್ತದೆ, ನೋಡಿರುತ್ತೀಯ. ಅದು ಬೇರೊಂದು ಕಂಪನಿಯ ಕಾವಲು. ಪ್ರೋಗ್ರಾಮುಗಳು ಮನುಷ್ಯರ ವೇಷ ಹಾಕಿಕೊಂಡು ಬಂದು ರಾಶಿ ರಾಶಿ ಸುಳ್ಳು ಅರ್ಜಿ ಸುರಿಯುತ್ತವಂತೆ, ಅವನ್ನು ತಡೆಯುವುದಕ್ಕೆ. ಈ ಹಳೆಯ ಕಾವಲು ಕೆಲಸ ನಿಲ್ಲಿಸುತ್ತದೆ, ತಿಂಗಳೊಳಗೆ ಹೊಸದಕ್ಕೆ ಬದಲಾಯಿಸಿಕೊಳ್ಳಿ ಅಂತ ಕಂಪನಿಯಿಂದ ಇ-ಮೇಲ್ ಬಂತು. ಸಂಘದ ಕಾರ್ಯದರ್ಶಿ ಅದನ್ನು ಜಾಹೀರಾತು ಅಂದುಕೊಂಡು ಬಿಟ್ಟಿದ್ದರು. ಇವಳ ಕಣ್ಣಿಗೆ ಬಿತ್ತು. ಸುಮ್ಮನಿದ್ದುಬಿಟ್ಟರೆ ಏನಾಗುತ್ತೆ ಅಂತ ನಾನು ಕೇಳಿದೆ. "ಫಾರ್ಮ್ ಹಾಗೇ ಕಾಣುತ್ತೆ ಅತ್ತೆ. ಜನ ತುಂಬ್ತಾರೆ, ಕಳಿಸ್ತಾರೆ, ಕಾಯ್ತಾರೆ. ನಮಗೆ ಮಾತ್ರ ಏನೂ ಬಂದಿರಲ್ಲ" ಅಂದಳು.

ವೆಬ್‌ಸೈಟಿನ ಒಂದು ನಕಲು ಮಾಡಿ, ಹೊರಗಿನವರಿಗೆ ಕಾಣದ ಹಾಗಿಟ್ಟು, ಹೊಸ ಕಾವಲನ್ನು ಮೊದಲು ಅದರಲ್ಲಿ ಕೂರಿಸಿದಳು. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ನಾನು ಹಳೇ ಪೇಪರಿನಲ್ಲಿ ಕತ್ತರಿಸಿ ನೋಡುತ್ತೇನಲ್ಲ, ಹಾಗೆ. ಹೊಸದರಲ್ಲಿ ಚಿತ್ರಗಳ ಕಾಟವಿಲ್ಲ. ನಾವು ಪುಟದಲ್ಲಿ ಹೇಗೆ ಓಡಾಡುತ್ತೇವೆ ಅಂತ ಒಳಗೊಳಗೇ ನೋಡಿ ಅಂಕ ಹಾಕುತ್ತದಂತೆ. ಪರೀಕ್ಷೆಗೆ ನನ್ನನ್ನೂ ಕೂರಿಸಿದಳು. ಕನ್ನಡಕ ಹುಡುಕಿ, ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತಿ ಮುಗಿಸುವಷ್ಟರಲ್ಲಿ ಟೀ ಆರಿಹೋಗಿತ್ತು. ಆದರೂ ಪಾಸಾದೆ. "ಇಷ್ಟೊಂದು ತಪ್ಪು ಮಾಡೋದು ಯಂತ್ರದ ಕೈಲಿ ಆಗಲ್ಲ ಅತ್ತೆ" ಅಂದಳು ನಿನ್ನ ಹೆಂಡತಿ. ಹೊಗಳಿದಳೋ ತೆಗಳಿದಳೋ ನೀನೇ ಕೇಳಿಕೋ.

ಆಮೇಲೆ ಕೆಳಮನೆಯ ಸಂಗೀತದ ಮೇಷ್ಟ್ರನ್ನು ಕರೆದಳು. ಅವರಿಗೆ ಕಣ್ಣು ಕಾಣುವುದಿಲ್ಲವಲ್ಲ, ಪುಟದಲ್ಲಿರುವುದನ್ನು ಕಂಪ್ಯೂಟರ್ ಓದಿ ಹೇಳುತ್ತದೆ, ಅವರು ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಸರಸರ ಮುಗಿಸುತ್ತಾರೆ. ಒಂದಕ್ಷರ ತಪ್ಪಿಲ್ಲದೆ ತುಂಬಿದರು. ಯಂತ್ರ ಅವರನ್ನು ಹೊರಗಿಟ್ಟಿತು. ಮತ್ತೆ ತುಂಬಿದರು, ಮತ್ತೆ ಹೊರಗಿಟ್ಟಿತು. ಮೇಷ್ಟ್ರು ನಕ್ಕುಬಿಟ್ಟರು. "ಕಣ್ಣಿಲ್ಲ ಅಂತ ಗೊತ್ತಿತ್ತು ಕಣಮ್ಮ, ಮನುಷ್ಯ ಅಲ್ಲ ಅಂತ ಇವತ್ತೇ ಗೊತ್ತಾಗಿದ್ದು" ಅಂದರು. ನನಗೂ ನಗು ಬಂತು, ಇವಳು ನಗಲಿಲ್ಲ.

ಮಾರನೆಯ ದಿನ ಕಾರ್ಯದರ್ಶಿ ಮನೆಗೆ ಬಂದಾಗ ಎಲ್ಲ ವಿವರಿಸಿದಳು. "ನೂರರಲ್ಲಿ ಒಬ್ರಿಗೆ ಹಾಗಾಗಬಹುದು, ಬಿಡಮ್ಮ. ಸುಳ್ಳು ಅರ್ಜಿ ನಿಂತ್ರೆ ಸಾಕು" ಅಂದರು ಅವರು. ಇವಳು ದನಿ ಏರಿಸಲಿಲ್ಲ. "ಸರ್, ನಮ್ಮ ಹತ್ರ ಬರೋರೇ ಆ ಒಬ್ಬರಲ್ವಾ? ಕೈ ನಡುಗೋರು, ಕಣ್ಣು ಕಾಣದೋರು, ಹಾಸಿಗೆ ಹಿಡಿದೋರು. ಅವರನ್ನೇ ಹೊರಗಿಟ್ಟು ಬಾಗಿಲು ಕಾದು ಏನು ಮಾಡೋಣ?" ಅಂದಳು. ಅವಳ ಮಾತು ಪೂರ್ತಿ ಕೇಳಲಿ ಅಂತ ನಾನು ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದ್ದೆ. ಕಾರ್ಯದರ್ಶಿ ಟೀ ಕುಡಿದು, ಲೋಟ ಕೆಳಗಿಟ್ಟು, "ಸರಿ, ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು" ಅಂದು ಎದ್ದರು.

ಮಾಡಿದಳು. ಅಂಕ ಕಡಿಮೆ ಬಂದವರನ್ನು ಹೊರಗೆ ಹಾಕುವ ಬದಲು ಅವರ ಅರ್ಜಿ ಬೇರೆ ಕಡೆ ಸೇರುತ್ತದೆ. ಕೂಡಲೇ ಅವರ ಫೋನಿಗೆ ಕರೆ ಹೋಗುತ್ತದೆ, ಅದು ಹೇಳಿದ ಅಂಕಿ ಒತ್ತಿದರೆ ಅರ್ಜಿ ನಮ್ಮವರ ಕಣ್ಣಿಗೆ ಬೀಳುತ್ತದೆ. ಅದೂ ಆಗದವರಿಗೆ ಪುಟದ ಮೇಲ್ಗಡೆಯೇ ದೊಡ್ಡದಾಗಿ ಫೋನ್ ನಂಬರ್. ಮೇಷ್ಟ್ರು ಮತ್ತೆ ಬಂದು ಕೂತರು. ಈ ಸಲ ಒಳಗೆ ಹೋದರು. ಗೆದ್ದವರ ಹಾಗೆ ಒಂದು ಆಲಾಪ ಎತ್ತಿಕೊಂಡೇ ಮೆಟ್ಟಿಲಿಳಿದರು.

ಗಡುವಿಗೆ ವಾರ ಮುಂಚೆಯೇ ನಿಜವಾದ ವೆಬ್‌ಸೈಟಿಗೆ ಹೊಸದನ್ನು ಹಾಕಿದಳು. ಮೊನ್ನೆ ಬೆಳಗ್ಗೆ ಸುಳ್ಳು ಅರ್ಜಿಗಳು ದಂಡು ಕಟ್ಟಿಕೊಂಡು ಬಂದವಂತೆ, ಒಂದೂ ದಾಟಲಿಲ್ಲ. ಆ ರಾಶಿಯ ನಡುವೆ, ಯಂತ್ರ ಅನುಮಾನಪಟ್ಟು ಬೇರೆ ಇಟ್ಟಿದ್ದರಲ್ಲಿ, ಒಂದು ನಿಜವಾದ ಅರ್ಜಿ ಇತ್ತು. ಲಕ್ವ ಹೊಡೆದು ಒಂದು ಕೈ ಬಿದ್ದುಹೋದ ಗಡಿಯಾರ ರಿಪೇರಿಯವರೊಬ್ಬರು ಹಾಸಿಗೆ ಹಿಡಿದ ಹೆಂಡತಿಗೆ ಮಂಚ ಕೇಳಿದ್ದರು. ಕರೆ ಬಂದಾಗ ಅಂಕಿ ಒತ್ತಿದ್ದರು. ಮಧ್ಯಾಹ್ನದೊಳಗೆ ಮಂಚ ಹೋಯಿತು, ವ್ಯಾನಿನಲ್ಲಿ ಕಾರ್ಯದರ್ಶಿಯೇ ಕೂತು ಹೋದರು. ಸಂಜೆ ಗಡಿಯಾರದವರು ಇವಳಿಗೆ ಫೋನ್ ಮಾಡಿ, "ಬೇರೆ ಎರಡು ಕಡೆ ಬರೆದಿದ್ದೆ ತಾಯಿ, ಯಾರೂ ಉತ್ತರ ಕೊಡಲಿಲ್ಲ. ನೀವು ವಾಪಸ್ ಫೋನ್ ಮಾಡಿದ್ರಿ" ಅಂದರು. ಇವಳು ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯತೊಡಗಿದಳು. ನಾನು ಆಗಲೇ ತೊಳೆದಿಟ್ಟ ಪಾತ್ರೆಗಳು. ಮಗಾ, ನೀನು ಹುಟ್ಟಿದ ದಿನ ಬಿಟ್ಟರೆ ನನ್ನ ಎದೆ ಇಷ್ಟು ತುಂಬಿದ್ದು ನೆನಪಿಲ್ಲ. ಕಂಡವರಿಗೆಲ್ಲ ಹೇಳುತ್ತಿದ್ದೇನೆ. ಬ್ಲೌಸ್ ಅಳತೆ ಕೊಡಲು ಬಂದವರು ಅರ್ಧ ಗಂಟೆ ಈ ಕಥೆ ಕೇಳಿಯೇ ಹೋಗಬೇಕು.

ಮೇಷ್ಟ್ರು ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದ್ದಾರೆ. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ನೂರು ಕಾಲ ಬಾಳು.

ನಿನ್ನ
ಅಮ್ಮ

ಮರೆತಿದ್ದೆ: ಸಂಘದ ಎಲ್ಲ ಶಾಖೆಗಳ ವೆಬ್‌ಸೈಟ್ ನೋಡಿಕೊಳ್ಳಲು ಇವಳನ್ನು ಕಾಯಂ ಕೆಲಸಕ್ಕೆ ಕರೆದಿದ್ದಾರೆ, ಆದರೆ ಇಲ್ಲೇ ಇರಬೇಕು. ನೀನು ಬಂದ ಮೇಲೆ ಇದನ್ನೆಲ್ಲ ಬಿಟ್ಟು ಬಂದರಿನ ಊರಿನಲ್ಲಿ ಮನೆ ಮಾಡುವ ಮಾತಾಗಿದೆಯಲ್ಲ, ಅದಕ್ಕೆ "ಇವರನ್ನ ಕೇಳಿ ಹೇಳ್ತೀನಿ" ಅಂದು ಬಂದಿದ್ದಾಳೆ. ನಿನ್ನನ್ನು ಕೇಳಲೂ ಅವಳಿಗೆ ಬಾಯಿ ಬರುತ್ತಿಲ್ಲ. ಅವಳು ಕೇಳುವ ತನಕ ಕಾಯಬೇಡ, ನೀನೇ ಬರೆ. 'ನಿನ್ನಿಷ್ಟ' ಅಂತ ಮಾತ್ರ ಬರೆಯಬೇಡ ಮಗಾ, ಅದು ಬೇಡ ಅಂದ ಹಾಗೇ ಕೇಳಿಸುತ್ತದೆ. ಒಪ್ಪಿಕೋ ಅಂತಲೇ ಬರೆ.