ಬಂಡೆಮ್ಮ ಒಬ್ಬಳಲ್ಲ, ಇಬ್ಬರು

ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಒಂದುಗೂಡಿಸುವ ಕೋಶದ ಮುಖ್ಯ ಅಧಿಕಾರಿಗಳಿಗೆ,
ಹೈದರಾಬಾದ್

ಮಾನ್ಯರೇ,

ದೊಡ್ಡ ಬಂಡೆಮ್ಮನ ಪಿತ್ತಕೋಶ ಇನ್ನೂ ಅವಳ ಹೊಟ್ಟೆಯಲ್ಲೇ ಇದೆ. ಅದರೊಳಗೆ ಐದು ಕಲ್ಲುಗಳಿವೆ ಎಂದು ಸ್ಕ್ಯಾನಿಂಗ್ ಮಾಡಿದವರು ಎಣಿಸಿ ಬರೆದುಕೊಟ್ಟಿದ್ದಾರೆ. ಆದರೆ ನಿಮ್ಮ ಕಚೇರಿಯ ಕಂಪ್ಯೂಟರಿನ ಪ್ರಕಾರ ಆ ಪಿತ್ತಕೋಶವನ್ನು ಕಳೆದ ಆಗಸ್ಟ್ ತಿಂಗಳಲ್ಲೇ ತೆಗೆದುಹಾಕಲಾಗಿದೆ. ಇಲ್ಲದ ಪಿತ್ತಕೋಶವನ್ನು ಮತ್ತೊಮ್ಮೆ ತೆಗೆಯಲು ಅನುಮತಿ ಕೊಡುವುದು ಹೇಗೆ ಎಂದು ನಿಮ್ಮ ಸಿಬ್ಬಂದಿ ನಮ್ಮನ್ನೇ ಕೇಳುತ್ತಾರೆ. ಕತ್ತರಿ ಮುಟ್ಟದೆ ಆಪರೇಷನ್ ಮಾಡಿದ ನಿಮ್ಮ ಕೈಗುಣಕ್ಕೆ ಅಭಿನಂದನೆ ಹೇಳಬೇಕೆಂದಿದ್ದೆ. ಆದರೆ ಕಲ್ಲು ಪಿತ್ತನಾಳಕ್ಕೆ ಜಾರಿದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿ ಇಂದಿಗೆ ಹದಿನೇಳು ದಿನ. ಆದ್ದರಿಂದ ಅಭಿನಂದನೆ ಆಮೇಲೆ ನೋಡೋಣ.

ಈ ದೂರನ್ನು ನಿಮಗೆ ಇಂಗ್ಲಿಷಿನಲ್ಲಿ ಮೂರು ಸಲ, ತೆಲುಗಿನಲ್ಲಿ ಒಂದು ಸಲ ಬರೆದಾಗಿದೆ. ನಾಲ್ಕಕ್ಕೂ ‘ನಿಮ್ಮ ಅರ್ಜಿ ತಲುಪಿದೆ’ ಎಂಬ ಸಂದೇಶ ಬಂತು, ಅದೂ ನಿಮ್ಮ ಯಂತ್ರ ಕಳಿಸಿದ್ದು. ಓದದ ಪತ್ರವನ್ನು ಯಾವ ಭಾಷೆಯಲ್ಲಿ ಬರೆದರೇನು? ಇನ್ನು ನನ್ನ ಭಾಷೆಯಲ್ಲೇ ಬರೆದು ಅಚ್ಚು ಹಾಕಿಸುತ್ತೇನೆ. ಬಯ್ಯುವುದಾದರೂ ನೆಟ್ಟಗೆ ಆಗುತ್ತದೆ, ಮತ್ತು ಯಾರ ಹೊಟ್ಟೆಯ ವಿಷಯವೋ ಅವರಿಗೂ ಓದಿ ಹೇಳಬಹುದು.

ನಾನು ಧಾರವಾಡದವಳು. ಮದುವೆಯಾಗಿ ಈ ಊರಿಗೆ ಬಂದು ಮೂವತ್ತೆಂಟು ವರ್ಷವಾಯಿತು. ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ದುಡಿದು ನಿವೃತ್ತಳಾದೆ. ಈಗ ಬೆಳಿಗ್ಗೆ ಹೊತ್ತು ಅಮೀರ್‌ಪೇಟೆಯ ಒಂದು ಸಂಸ್ಥೆಯಲ್ಲಿ ಡೇಟಾಬೇಸ್ ಕಲಿಸುತ್ತೇನೆ. ಹಾಗಾಗಿ ‘ಅಮ್ಮಾ, ಇದು ಸಿಸ್ಟಂ, ನಿಮಗೆ ಅರ್ಥವಾಗುವುದಿಲ್ಲ’ ಎಂದು ನಿಮ್ಮ ಕೌಂಟರಿನ ಮಹಾಶಯರು ನನಗೆ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಂಡೆಮ್ಮಂದಿರು ನನಗೆ ಪರಿಚಯವಾದದ್ದು ನಾಚಾರಂನಲ್ಲಿ ನಮ್ಮ ಪಕ್ಕದ ಮನೆಯ ಮೇಲೆ ಮಹಡಿ ಕಟ್ಟುವಾಗ. ಸಿಮೆಂಟಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಇಬ್ಬರು ಹೆಂಗಸರು ನಮ್ಮ ಭಾಷೆಯಲ್ಲಿ ಜಗಳವಾಡುತ್ತಿರುವುದು ಕಿವಿಗೆ ಬಿದ್ದು ಹೊರಗೆ ಬಂದೆ. ಯಾದಗಿರಿ ಜಿಲ್ಲೆಯ ಒಂದೇ ಹಳ್ಳಿಯವರು, ಅಣ್ಣತಮ್ಮಂದಿರ ಮಕ್ಕಳು. ಅಣ್ಣ ದ್ಯಾವಪ್ಪ, ತಮ್ಮ ಮಲ್ಲಪ್ಪ. ಇಬ್ಬರೂ ತಮ್ಮ ಮೊದಲ ಮಗಳಿಗೆ ತಾಯಿಯ ಹೆಸರನ್ನೇ ಇಟ್ಟರು. ಅಜ್ಜಿಯ ಹೆಸರು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಹಾಗಾಗಿ ದ್ಯಾವಪ್ಪನ ಮಗಳು ದೊಡ್ಡ ಬಂಡೆಮ್ಮ, ಮಲ್ಲಪ್ಪನ ಮಗಳು ಸಣ್ಣ ಬಂಡೆಮ್ಮ. ಸಣ್ಣಾಕೆ ಎತ್ತರದಲ್ಲೂ ಗಾತ್ರದಲ್ಲೂ ದೊಡ್ಡಾಕೆಗಿಂತ ಒಂದು ಕೈ ಮೇಲು, ಅದು ಬೇರೆ ಮಾತು. ಇಬ್ಬರನ್ನೂ ಅದೇ ಊರಿಗೆ ಕೊಟ್ಟಿದ್ದಾರೆ. ಕೆಲಸದ ಜಾಗದಲ್ಲೇ ಶಿಬಿರ ಹಾಕಿ ಕಾರ್ಮಿಕರ ಕಾರ್ಡು ಮಾಡಿಕೊಟ್ಟ ದಿನ, ಹುಟ್ಟಿದ ತಾರೀಕು ಕೇಳಿದರೆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರೆದುಕೊಳ್ಳುವವರು ಸಾಲಾಗಿ ಎಲ್ಲರಿಗೂ ಜನವರಿ ಒಂದು, ಸಾವಿರದ ಒಂಬೈನೂರ ಎಂಬತ್ತನಾಲ್ಕು ಎಂದು ಹಾಕುತ್ತಾ ಹೋದರು. ಒಂದೇ ಹೆಸರು, ಒಂದೇ ಊರು, ಒಂದೇ ಜನ್ಮದಿನ. ತಪ್ಪು ಯಾರದೆಂದು ಹುಡುಕಲು ಹೊರಟರೆ ಆ ಅಜ್ಜಿಯ ತನಕ ಹೋಗಬೇಕಾದೀತು.

ಈಗ ನಿಮ್ಮ ಯಂತ್ರದ ವಿಷಯ. ನಿಮ್ಮಲ್ಲಿ ಎರಡು ಡೇಟಾಬೇಸ್‌ಗಳಿವೆ. ಒಂದು ಹಳೆಯದು, ಕಾರ್ಮಿಕ ನೋಂದಣಿಯದು. ಅದರಲ್ಲಿ ಒಬ್ಬ ಕಾರ್ಮಿಕನಿಗೆ ಒಂದು ಸಾಲು, ಒಂದು ನೋಂದಣಿ ಸಂಖ್ಯೆ. ಮುದಿಯಾದರೂ ಕಟ್ಟುನಿಟ್ಟು, ಒಂದೇ ಸಂಖ್ಯೆಯನ್ನು ಇಬ್ಬರಿಗೆ ಕೊಡಹೋದರೆ ಒಪ್ಪುವುದಿಲ್ಲ. ಇನ್ನೊಂದು ಹೊಸದು, ಆರೋಗ್ಯದ್ದು. ಅದರಲ್ಲಿ ಒಬ್ಬರಿಗೆ ಒಂದು ಕಡತ, ಏನು ಕೊಟ್ಟರೂ ತಕರಾರಿಲ್ಲದೆ ಒಳಗೆ ಹಾಕಿಕೊಳ್ಳುತ್ತದೆ. ಪ್ರತಿ ಭಾನುವಾರ ಒಂದು ಪ್ರೋಗ್ರಾಂ ಹಳೆಯದರಿಂದ ಸಾಲುಗಳನ್ನು ಎತ್ತಿ ಹೊಸದಕ್ಕೆ ತುಂಬುತ್ತದೆ. ಅದರ ಜೀವಾಳ ಒಂದೇ ನಿಯಮ: ಆ ವ್ಯಕ್ತಿ ಅಲ್ಲಿ ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು.

ಇದ್ದಾರೋ ಇಲ್ಲವೋ ಎಂದು ಅದಕ್ಕೆ ತಿಳಿಯುವುದು ಹೇಗೆ? ನೋಂದಣಿ ಸಂಖ್ಯೆ ನೋಡಬೇಕಿತ್ತು. ಆದರೆ ಆಸ್ಪತ್ರೆಗಳು ಆ ಸಂಖ್ಯೆಯನ್ನು ಬರೆದೇ ಇರಲಿಲ್ಲ. ಆಧಾರ್ ಮತ್ತು ತಂದೆಯ ಹೆಸರಿನ ಕಾಲಂಗಳು ಅರ್ಧಕ್ಕರ್ಧ ಖಾಲಿ. ಹಾಗಾಗಿ ಹೆಸರು, ಊರು, ಜನ್ಮದಿನ ಮೂರೂ ಹೊಂದಿದರೆ ಒಬ್ಬರೇ ಎಂದು ತೀರ್ಮಾನವಾಯಿತು. ಸಣ್ಣ ಬಂಡೆಮ್ಮನಿಗೆ ಕಳೆದ ಆಗಸ್ಟ್‌ನಲ್ಲಿ ಪಿತ್ತಕೋಶದ ಆಪರೇಷನ್ ಆಗಿತ್ತು, ಅದು ಆಸ್ಪತ್ರೆಯ ಮೂಲಕ ಹೊಸ ಕಡತ ಸೇರಿತ್ತು. ಭಾನುವಾರದ ಪ್ರೋಗ್ರಾಂ ದೊಡ್ಡ ಬಂಡೆಮ್ಮನ ಸಾಲು ಹಿಡಿದು ಬಂತು, ಮೂರೂ ಹೊಂದಿದವು, ‘ಇದ್ದಾಳೆ’ ಎಂದುಕೊಂಡಿತು. ಸಣ್ಣಾಕೆಯ ಕಡತದ ಮೇಲೆ ದೊಡ್ಡಾಕೆಯ ನೋಂದಣಿ ಸಂಖ್ಯೆಯನ್ನೂ ಫೋಟೋವನ್ನೂ ಬರೆದು ಮುಂದೆ ಹೋಯಿತು. ಈಗ ನಿಮ್ಮ ಕಡತದಲ್ಲಿ ಮುಖ ದೊಡ್ಡಾಕೆಯದು, ಹೊಟ್ಟೆ ಸಣ್ಣಾಕೆಯದು. ಸಣ್ಣ ಬಂಡೆಮ್ಮ ಹೊಸ ಡೇಟಾಬೇಸಿನಲ್ಲಿ ಇಲ್ಲವೇ ಇಲ್ಲ.

ಇದೇನು ಯಾರೂ ಕಾಣದ ತಪ್ಪೇ? ಅಲ್ಲ. ಪ್ರೋಗ್ರಾಂ ಬರೆದವರು ಅನುಮಾನ ಬಂದ ದಾಖಲೆಗಳ ಪಟ್ಟಿ ಮಾಡಿ ನಿಮಗೆ ಕಳಿಸಿದ್ದರು. ಸಾವಿರದ ನೂರ ನಲವತ್ತು ಹೆಸರು. ಮನುಷ್ಯರು ಕೂತು ನೋಡಬೇಕು ಎಂದು ಬರೆದಿದ್ದರು. ಅದರ ಕೆಳಗೆ ನಿಮ್ಮ ಕೋಶದ ಷರಾ ನಾನು ನೋಡಿದ್ದೇನೆ: ‘ಹೊಸ ವ್ಯವಸ್ಥೆಯ ಉದ್ಘಾಟನೆಗೆ ಮುಂಚೆ ಈ ಪಟ್ಟಿ ಸೊನ್ನೆಯಾಗಬೇಕು.’ ಆಯಿತು, ಸೊನ್ನೆಯಾಯಿತು. ಸಾವಿರದ ನೂರ ನಲವತ್ತು ಕಡೆ ‘ಇದ್ದಾರೆ, ತಿದ್ದು’ ಎಂದು ಒತ್ತಿದರು. ಪಟ್ಟಿಯನ್ನು ನನಗೆ ತೋರಿಸಿದವರು ಯಾರೆಂದು ಹುಡುಕಿಸುವ ಶ್ರಮ ಬೇಡ. ಅಮೀರ್‌ಪೇಟೆಯಲ್ಲಿ ನನ್ನ ಕೈಕೆಳಗೆ ಕಲಿತವರು ನಾಲ್ಕು ಸಾವಿರ ಜನ ಇದ್ದಾರೆ, ಒಬ್ಬೊಬ್ಬರನ್ನೇ ಕರೆಸಿ ವಿಚಾರಿಸಿ.

ಒಂದು ಸಲ ಇದು ಸರಿಯೂ ಆಗಿತ್ತು. ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಹನುಮಂತರಾಯ ಎಂಬ ರಾಯಚೂರಿನವರು ಇದ್ದಾರೆ. ಮುಂದಿನ ತಿಂಗಳು ನಿವೃತ್ತರಾಗುತ್ತಾರೆ, ಆದ್ದರಿಂದ ಹೆಸರು ಹಾಕಿ ಎಂದು ಅವರೇ ಹೇಳಿದರು. ಅವರು ಪರದೆ ನೋಡಿದರು, ಎದುರು ನಿಂತ ಇಬ್ಬರನ್ನು ನೋಡಿದರು.

“ಇದು ಒಬ್ರುದಲ್ರಿ ಮೇಡಂ, ಇಬ್ರುದು ಕೂಡಿಬಿಟ್ಟೈತಿ,” ಎಂದರು.

ಶುಕ್ರವಾರ ಮಧ್ಯಾಹ್ನ ಕೂತು ಕೈಯಾರೆ ಕಡತವನ್ನು ಎರಡು ಮಾಡಿದರು. ಅನುಮತಿ ಬಂತು, ಸೋಮವಾರ ಬೆಳಿಗ್ಗೆ ಆಪರೇಷನ್ ಎಂದು ನಿಗದಿಯಾಯಿತು. ದೊಡ್ಡ ಬಂಡೆಮ್ಮ ಹಿಂದಿನ ದಿನ ಶಂಶಾಬಾದಿನ ಹೊಸ ಕಟ್ಟಡದ ಕೆಲಸ ಬಿಟ್ಟು ಬಂದು ದಾಖಲಾದಳು. ಮಧ್ಯೆ ಭಾನುವಾರ ಇತ್ತು. ನಿಮ್ಮ ಪ್ರೋಗ್ರಾಂ ತನ್ನ ಪಾಡಿಗೆ ಓಡಿತು, ಮೂರೂ ಹೊಂದಿದವು, ಮತ್ತೆ ಇಬ್ಬರನ್ನು ಒಬ್ಬಳನ್ನಾಗಿ ಮಾಡಿತು. ಸೋಮವಾರ ಹಸಿರು ಗೌನು ತೊಟ್ಟು, ಬಳೆ ಬಿಚ್ಚಿ ತಂಗಿಯ ಕೈಗೆ ಕೊಟ್ಟು, ನೀರೂ ಕುಡಿಯದೆ ಮಲಗಿದ್ದವಳ ಹತ್ತಿರ ನರ್ಸ್ ಬಂದು “ಆಪರೇಷನ್ ಅಯಿಪೋಯಿಂದಿ ಕದಮ್ಮಾ” ಎಂದಳು. ಆಗಿಹೋಗಿದೆಯಲ್ಲಮ್ಮ ಎಂದು.

“ಆಗೇತಿ ಅಂತಾರಲ್ರಿ ಅಕ್ಕಾರ,” ಎಂದು ದೊಡ್ಡ ಬಂಡೆಮ್ಮ ನನ್ನ ಮುಖ ನೋಡಿದಳು. “ಯಾವಾಗ ಮಾಡಿದ್ರು? ನಂಗ ಗೊತ್ತಾಗ್ಲೇ ಇಲ್ಲ.”

ಸ್ವಾಮಿ, ಅವಳು ಅದನ್ನು ನಂಬಿದ್ದಳು. ಅರ್ಧ ನಿಮಿಷ ನಂಬಿ ಹೊಟ್ಟೆಯ ಮೇಲೆ ಕೈಯಾಡಿಸಿ ಹೊಲಿಗೆ ಹುಡುಕಿದಳು. ಅದನ್ನು ನೋಡಿದ ಮೇಲೆ ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬೇರೆ ಸರ್ಕಾರಿ ಆಸ್ಪತ್ರೆಗೆ ಹೋಗಬಾರದೇ ಎನ್ನುತ್ತೀರಾ? ಹೋದೆವು, ಅಲ್ಲಿಯೂ ನಿಮ್ಮದೇ ಪರದೆ. ಖಾಸಗಿಯವರು ಕಾರ್ಡಿನ ವಿಚಾರಣೆ ಮುಗಿಯುವ ತನಕ ಕೈಹಾಕುವುದಿಲ್ಲ ಎಂದರು.

ಹೌದು, ವಿಚಾರಣೆ. ಒಂದೇ ಅಂಗಕ್ಕೆ ಎರಡು ಸಲ ಅರ್ಜಿ ಬಂದದ್ದರಿಂದ ನಿಮ್ಮ ಕೋಶ ನೋಟಿಸು ಕಳಿಸಿದೆ. ‘ಬಂಡೆಮ್ಮ ಎಂಬ ತಾವು ತಮ್ಮ ಕಾರ್ಡನ್ನು ಅನ್ಯ ವ್ಯಕ್ತಿಗೆ ಬಳಸಲು ಕೊಟ್ಟಿದ್ದೀರಿ’ ಎಂದು. ಅನ್ಯ ವ್ಯಕ್ತಿ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಇಬ್ಬರಿದ್ದಾರೆ ಎಂದು ನಿಮಗೂ ಗೊತ್ತಿದೆ. ತಪ್ಪು ಹೊರಿಸುವಾಗ ಇಬ್ಬರು, ಚಿಕಿತ್ಸೆ ಕೇಳಿದಾಗ ಒಬ್ಬಳೇ? ಈ ಗಣಿತವನ್ನು ನೀವು ಎಲ್ಲಿ ಕಲಿತಿರಿ?

ನೋಟಿಸಿನ ಜೊತೆಗೆ ಒಂದು ಉಪಾಯವನ್ನೂ ನಿಮ್ಮ ಸಿಬ್ಬಂದಿ ಕಿವಿಯಲ್ಲಿ ಹೇಳಿ ಕಳಿಸಿದ್ದಾರೆ. ಆಗಸ್ಟ್‌ನಲ್ಲಿ ಅಕ್ಕನ ಕಾರ್ಡನ್ನು ಕದ್ದು ಬಳಸಿದೆ ಎಂದು ಸಣ್ಣ ಬಂಡೆಮ್ಮ ಈ ಬುಧವಾರದ ವಿಚಾರಣೆಯಲ್ಲಿ ತಪ್ಪೊಪ್ಪಿಗೆ ಬರೆದುಕೊಟ್ಟರೆ, ಅಂದೇ ಕಡತ ಬೇರೆಯಾಗುತ್ತದಂತೆ, ದೊಡ್ಡಾಕೆಗೆ ಅಂದೇ ಅನುಮತಿ. ಸಣ್ಣಾಕೆಯ ಹೆಸರು ಮಾತ್ರ ಶಾಶ್ವತವಾಗಿ ರದ್ದು. ಅಂದರೆ ಎರಡು ಮಾಡುವುದು ನಿಮಗೆ ಬರುತ್ತದೆ, ಅದಕ್ಕೆ ಒಬ್ಬ ಕಳ್ಳಿ ಬೇಕು ಅಷ್ಟೇ.

ಮೊನ್ನೆ ಶನಿವಾರ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಕಲ್ಲು ಜಾರಿದರೆ ಕಣ್ಣು ಹಳದಿಯಾಗುತ್ತದೆ ಎಂದು ವೈದ್ಯರು ಹೇಳಿದಂದಿನಿಂದ, ದಿನಾ ಬೆಳಿಗ್ಗೆ ಅಕ್ಕನನ್ನು ಬಿಸಿಲಿಗೆ ನಿಲ್ಲಿಸಿ, ಕಣ್ಣ ರೆಪ್ಪೆ ಎಳೆದು ಹಳದಿ ಬಂದಿದೆಯೇ ನೋಡುವುದು ಸಣ್ಣಾಕೆಯ ಕೆಲಸವಾಗಿದೆ. ಅಂದು ನೋಡಿದವಳು ನನ್ನನ್ನು ಕರೆದು ತೋರಿಸಿದಳು. ತೆಳುವಾಗಿ ಹಳದಿ ಇತ್ತು.

“ನಾ ಬರದು ಕೊಡ್ತೀನ್ರಿ ಅಕ್ಕಾರ,” ಎಂದಳು. “ಕಳ್ಳಿ ಅಂದ್ರ ಅನ್ಲಿ. ನಂದು ಆಪರೇಷನ್ ಆಗೇತಿ, ಇನ್ನೇನು ಕಸ್ಕೋತಾರ ನನ್ನಿಂದ.”

“ಬ್ಯಾಡ,” ಎಂದಳು ದೊಡ್ಡಾಕೆ, ಗೋಡೆಗೆ ಒರಗಿ ಕೂತಲ್ಲಿಂದ. “ನಾಳಿ ನಿಂಗ ಜಡ್ಡಾದ್ರ ಯಾರ ಕಡೆ ಹೋಗ್ತಿ? ಅಜ್ಜಿ ಹೆಸರು ಇಬ್ರಿಗೂ ಐತಿ. ನೀ ಕಳ್ಳಿ ಆದ್ರ ನಾನೂ ಕಳ್ಳಿನೇ.”

ಅವರ ಮುಂದೆ ನಾನು ತಲೆ ತಗ್ಗಿಸಿ ಕೂತಿದ್ದೆ. ಕಾರಣ ನಿಮಗೂ ಹೇಳಿಬಿಡುತ್ತೇನೆ. ‘ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು’ ಎಂಬ ನಿಯಮವನ್ನು ಈ ಊರಿನ ಎಷ್ಟೋ ಮಂದಿಗೆ ಕಲಿಸಿದವಳು ನಾನು. ನನ್ನ ಪಾಠದ ಉದಾಹರಣೆಯಲ್ಲಿ ಹತ್ತು ಜನರ ಹೆಸರಿರುತ್ತಿತ್ತು, ಹತ್ತೂ ಬೇರೆ ಬೇರೆ. ಐದು ವರ್ಷದ ಹಿಂದೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, “ಮೇಡಂ, ಒಂದೇ ಹೆಸರಿನವರು ಇಬ್ಬರಿದ್ದರೆ?” ಎಂದು ಕೇಳಿದ್ದಳು. ಗಂಟೆ ಹೊಡೆಯುವ ಹೊತ್ತು. “ಅದು ಅಪರೂಪ, ಸಂದರ್ಶನದಲ್ಲಿ ಕೇಳುವುದಿಲ್ಲ” ಎಂದು ಕೂರಿಸಿದೆ. ನಿಮಗೆ ಪ್ರೋಗ್ರಾಂ ಬರೆದುಕೊಟ್ಟವಳು ಅವಳೇ. ಆ ಪ್ರಶ್ನೆಯನ್ನು ಅವಳು ಮರೆತಿರಲಿಲ್ಲ, ಅದಕ್ಕೇ ಪಟ್ಟಿ ಮಾಡಿ ನಿಮಗೂ ಕೇಳಿದಳು. ನಾನು ಒಂದು ಸಲ ಕೂರಿಸಿದೆ, ನೀವು ಎರಡನೇ ಸಲ ಕೂರಿಸಿದಿರಿ. ವ್ಯತ್ಯಾಸ ಇಷ್ಟೇ, ನನಗೆ ನಾಚಿಕೆಯಾಗಿದೆ.

ಈಗ ನನ್ನ ಬೇಡಿಕೆ. ಹಳೆಯ ಡೇಟಾಬೇಸಿನಲ್ಲಿ ಇಬ್ಬರು ಬಂಡೆಮ್ಮಂದಿರೂ ಎರಡು ಸಂಖ್ಯೆ, ಎರಡು ಫೋಟೋ ಸಮೇತ ಇನ್ನೂ ನೆಟ್ಟಗಿದ್ದಾರೆ. ಅಲ್ಲಿಂದ ಸಣ್ಣಾಕೆಯ ಸಾಲನ್ನು ಎತ್ತಿ ಹೊಸ ಕಡತವಾಗಿ ಸೇರಿಸಿ, ಆಗಸ್ಟ್‌ನ ಆಪರೇಷನ್ ಅವಳ ಹೆಸರಿಗೆ ಹಾಕಿ. ಕಾಲು ಗಂಟೆಯ ಕೆಲಸ, ಕೈಲಾಗದಿದ್ದರೆ ನಾನು ಬಂದು ಮಾಡಿಕೊಡುತ್ತೇನೆ, ಚಹಾ ಕೂಡ ಬೇಡ. ನೋಂದಣಿ ಸಂಖ್ಯೆ ನೋಡಿ ತಿದ್ದುವಂತೆ ಆಗುವ ತನಕ ಭಾನುವಾರದ ಪ್ರೋಗ್ರಾಂ ನಿಲ್ಲಿಸಿ. ಉಳಿದ ಸಾವಿರದ ನೂರ ಮೂವತ್ತೊಂಬತ್ತು ಹೆಸರಿನ ಮುಂದೆ ಮನುಷ್ಯರನ್ನು ಕೂರಿಸಿ. ಅವರಲ್ಲಿ ಯಾರ ಹೃದಯ, ಯಾರ ಮೂತ್ರಪಿಂಡ ನಿಮ್ಮಲ್ಲಿ ಅದಲುಬದಲಾಗಿದೆಯೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ತಪ್ಪೊಪ್ಪಿಗೆ ಮಾತ್ರ ಸಿಗುವುದಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಅಕ್ಕತಂಗಿ ಇಬ್ಬರೂ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ. ಕಂಪ್ಯೂಟರ್ ಬದಿಗಿಟ್ಟು ಬಾಗಿಲಿಗೆ ಬನ್ನಿ. ‘ಬಂಡೆಮ್ಮ’ ಎಂದು ಒಂದು ಸಲ ಕೂಗಿ. ಇಬ್ಬರು ಎದ್ದು ನಿಲ್ಲುತ್ತಾರೆ. ದೊಡ್ಡಾಕೆಗೆ ಏಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತು ಕಾಯಿರಿ.

ಇಂತಿ,
ಒಂದು ಪ್ರಶ್ನೆಗೆ ಉತ್ತರ ಕೊಡದೆ ಪಾಠ ಮುಗಿಸಿದ ಮೇಷ್ಟ್ರಮ್ಮ,
ವಿಶಾಲಾಕ್ಷಿ
ನಾಚಾರಂ