ಅಮ್ಮನ ಪಿನ್ನು, ನನ್ನ ಗೋಡೆ

ಮೇ ೧೪, ಗುರುವಾರ, ಲಾರಿಸಾ

ಹೂತುಹೋದ ಪ್ರಾಚೀನ ಗೋಡೆಯನ್ನು ಕಂಡುಹಿಡಿದ ಕೀರ್ತಿ ಇಂದಿನ ಬಯಲು ಪರೀಕ್ಷೆಯಲ್ಲಿ ಹದಿನೈದು ನಿಮಿಷ ನನ್ನದಾಗಿತ್ತು. ನೆಲದ ಕಾಂತಶಕ್ತಿ ಅಳೆಯುವ ಯಂತ್ರ ಹೊತ್ತು ನಾನು ನಡೆದ ಸಾಲಿನುದ್ದಕ್ಕೂ ಅಂಕಿಗಳು ಏರಿಯೇ ಇದ್ದವು. ಗೆಳೆಯರ ಸಾಲುಗಳೆಲ್ಲ ಸಪ್ಪೆ. ಪ್ರೊಫೆಸರ್ ಕಲ್ಲೇರ್ಗಿಸ್ ನಕ್ಷೆ ನೋಡಿದರು, ಆಮೇಲೆ ನನ್ನನ್ನು.

"ಸ್ತಾಥಿಸ್, ಮೈಮೇಲೆ ಕಬ್ಬಿಣ ಏನಿದೆಯೋ?"

"ಬೆಲ್ಟೂ ಬಿಚ್ಚಿಟ್ಟಿದ್ದೀನಿ ಸರ್. ಪ್ಯಾಂಟು ಕೈಯಲ್ಲೇ ಹಿಡ್ಕೊಂಡಿದ್ದೀನಿ."

"ಬನಿಯನ್ ತೋರ್ಸು."

ಒಳಗಿತ್ತು, ಕೆಟ್ಟ ಕಣ್ಣು ಬೀಳದಿರಲೆಂದು ಅಮ್ಮ ಚುಚ್ಚಿದ್ದ ನೀಲಿ ಮಣಿಯ ಪಿನ್ನು.

"ದಡ್ಡ! ನಮ್ಮಮ್ಮ ಚುಚ್ಚಿದ್ದನ್ನ ನಾನು ಕಾರಲ್ಲಿ ಬಿಟ್ಟು ಬರಲ್ವೇನೋ?"

ನಾಳೆ ಮರುಪರೀಕ್ಷೆ, ತಪ್ಪಿದರೆ ಫೇಲು. ಪಿನ್ನು ತೆಗೆಯುವುದು ಸುಲಭ. ಪರೀಕ್ಷೆಯ ದಿನವೇ ತೆಗೆದೆನೆಂದು ಅಮ್ಮನಿಗೆ ಹೇಳುವುದು ಹೇಗೆ? ಪ್ರೊಫೆಸರರೂ ತಮ್ಮ ತಾಯಿಗೆ ಇನ್ನೂ ಹೇಳಿಲ್ಲವಂತೆ. ಅವರಿಗೀಗ ಅರವತ್ತೊಂದು.